ಇನ್ನೊಬ್ಬರ ತಲೆಯ ಪಟಗ

ಬೇಗಂಬಿ ಗಂಜಿ ಕುಡಿಯುವವರೆಗೂ ಮಡಿವಾಳೆಪ್ಪ ಬೈಲಹೊಂಗಲ ಬಿಡುವಂತಿರಲಿಲ್ಲ. ಹಾಗೆಂದು ಆಕೆಯ ಮೊಮ್ಮಗ ರಮೀಜನಿಗೆ ಮಾತು ಕೊಟ್ಟಿದ್ದ.

ಬೆಳಿಗ್ಗೆ ಫುಟ್‌ಬಾಲ್ ಆಟಗಾರರ ಟೆಂಪೊ ರಾಮದುರ್ಗಕ್ಕೆ ಹೊರಟು ನಿಂತಾಗ ರಮೀಜ ಒಂದು ಕಾಲನ್ನು ಗಾಡಿಯೊಳಗೆ, ಇನ್ನೊಂದನ್ನು ನೆಲದ ಮೇಲೆ ಇಟ್ಟು ಹಾಗೆಯೇ ಉಳಿದುಬಿಟ್ಟಿದ್ದ. ತಾಯಿಯಿಲ್ಲದ ಅವನನ್ನು ಸಾಕಿದ ಅಜ್ಜಿ, ಅವನ ದಾದಿ, ಬೇಗಂಬಿ ಎದೆಯಲ್ಲಿ ಕಫ ಕಟ್ಟಿ ವಾರದಿಂದ ಹಾಸಿಗೆ ಹಿಡಿದಿದ್ದಳು.

“ನಾ ಒಲ್ಲೆ ಕಾಕಾ. ದಾದಿಗೆ ಏನರ ಆದ್ರ?”

“ಏನೂ ಆಗಂಗಿಲ್ಲ. ಡಾಕ್ಟರ್ ಬಂದು ಸೂಜಿ ಮಾಡಿ ಹೋಗೂತನಕ ನಾ ಆಕಿ ಬಾಜೂಕ ಕುಂದರತೇನಿ. ಗಂಜಿ ಕುಡದದ್ದು ಕಣ್ಣಾರೆ ನೋಡಿ ರಾಮದುರ್ಗಕ್ಕ ಬರತೇನಿ. ಸುದ್ದಿ ಏನಿದ್ರೂ ನನ್ನ ಬಾಯಿಂದನ ಕೇಳು. ಬ್ಯಾರೇದವರ ಮಾತು ನಂಬಬ್ಯಾಡ.”

“ಪಟಗಾ?”

“ಅದೂ ನನ್ನ ಕೂಡನ ಬರತೈತಿ. ಹತ್ತು, ಹತ್ತು.”

ತಂಡದ ಹಿರಿಯ, ಸೈಕಲ್ ಅಂಗಡಿಯ ಬುರಾನಸಾಬ, ರಮೀಜನ ಬೆನ್ನಿಗೆ ಕೈ ಹಚ್ಚಿ ಒಳಗೆ ತಳ್ಳಿದ. ಟೆಂಪೊ ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿನ ಕಿಟಕಿಯಲ್ಲಿ ಆ ಮುಖ ಉಳಿದೇ ಇತ್ತು.

ಮಡಿವಾಳೆಪ್ಪನದು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಎತ್ತಿನ ಹಗ್ಗ, ಬಾರಕೋಲು, ಗೆಜ್ಜೆಯ ಸರ ಮಾರುವ ಸಣ್ಣ ಅಂಗಡಿ. ಹರೆಯದಲ್ಲಿ ಅವನಿಗೆ ಕುಸ್ತಿಯ ಹುಚ್ಚು. ಎಲ್ಲಿ ಕಣ ಹದ ಮಾಡಿದ್ದಾರೆಂದು ಕೇಳಿದರೂ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ. ಕಣಗಳು ಒಂದೊಂದಾಗಿ ಮೌನಕ್ಕೆ ಸಂದ ಮೇಲೆ ಅವನ ಕಣ್ಣುಗಳು ನೆಲೆಯಿಲ್ಲದೆ ಅಲೆದವು. ಒಂದು ಸಂಜೆ ಮಾರುಕಟ್ಟೆಯ ಬಯಲಿನಲ್ಲಿ, ಹತ್ತಿ ತುಂಬಿದ ಎರಡು ಅಂಡಿಗೆಗಳ ನಡುವೆ ನಿಂತು ಚೆಂಡು ತಡೆಯುತ್ತಿದ್ದ ಒಬ್ಬ ಪೋರನನ್ನು ಕಂಡ. ಚೆಂಡು ಹೊರಡುವ ಮೊದಲೇ ಆ ಮೈ ತನ್ನನ್ನು ಗಾಳಿಗೆ ಒಪ್ಪಿಸಿಕೊಂಡಿತ್ತು. ಬೆನ್ನು ನೆಲಕ್ಕೆ ಮುಟ್ಟಿದರೆ ಸೋಲೆಂದೇ ತಿಳಿದಿದ್ದ ಮಡಿವಾಳೆಪ್ಪನಿಗೆ, ಬಿದ್ದೇ ಗೆಲ್ಲುವ ಆಟವೊಂದು ಈ ಲೋಕದಲ್ಲಿದೆ ಎಂಬುದು ಅಂದು ತಿಳಿಯಿತು. ಅಂದಿನಿಂದ ಆ ಹುಡುಗ ಗೋಲು ಕಾಯಲು ಹೋದ ಊರಿಗೆಲ್ಲ ಅವನೂ ಹೋದ.

ಆ ಹುಡುಗ ರಮೀಜ ಈಗ ಮೂವತ್ತು ದಾಟಿದ್ದಾನೆ; ಸರಕಿನ ಗಾಡಿ ಓಡಿಸಿ ಮನೆ ನಡೆಸುತ್ತಾನೆ. ಹೋದ ವರ್ಷ ಕಿತ್ತೂರಿನಲ್ಲಿ ಪೆನಾಲ್ಟಿ ತಡೆಯುವಾಗ ಅವನ ಎಡಭುಜದ ಕೀಲು ಜಾರಿತು. ಕೂಡಿಸಿದರು, ಮತ್ತೆ ಜಾರಿತು. ಸ್ಟೇರಿಂಗ್ ಹಿಡಿಯಲು ಕೈ ಬೇಕಿದ್ದರೆ ಚೆಂಡು ಹಿಡಿಯುವುದನ್ನು ಬಿಡು ಎಂದರು ವೈದ್ಯರು. ರಾಮದುರ್ಗದ ಈ ಫೈನಲ್ ಪಂದ್ಯವೇ ಅವನ ಕೊನೆಯದು.

ಕುಸ್ತಿಯ ಕಣದಲ್ಲಿ ಒಂದು ರೂಢಿಯಿತ್ತು. ಪೈಲ್ವಾನನೊಬ್ಬ ಕಡೆಯ ಸಲ ಕಣಕ್ಕಿಳಿದ ದಿನ, ಗೆಲ್ಲಲಿ ಸೋಲಲಿ, ಅವನ ಓಣಿಯ ಹಿರಿಯನೊಬ್ಬ ಕಣದೊಳಗೇ ನಿಂತು ಅವನ ತಲೆಗೆ ಹೊಸ ಪಟಗ ಸುತ್ತಬೇಕು. ಸುತ್ತದಿದ್ದರೆ ಕಣ ಅವನನ್ನು ಬಿಟ್ಟುಕೊಟ್ಟಂತಲ್ಲ. ಆ ಪಟಗಕ್ಕೂ ಒಂದು ಕಟ್ಟಳೆ: ಯಾರ ತಲೆಗೆಂದು ತಂದದ್ದೋ ಆ ತಲೆಯನ್ನೇ ಅದು ಮೊದಲು ಏರಬೇಕು. ರಮೀಜನಿಗೆಂದು ಪಟಗ ಕೊಳ್ಳುವಾಗ, ಅಂಗಡಿಯವನು ಗುಲಾಬಿ ಬಣ್ಣದ, ಜರಿ ಅಂಚಿನ ಆ ಬಟ್ಟೆಯ ಚಂದ ತೋರಿಸಲೆಂದು ತನ್ನ ತಲೆಗೇ ಸುತ್ತಲು ಹೋದಾಗ ಮಡಿವಾಳೆಪ್ಪ ಅವನ ಮುಂಗೈ ಹಿಡಿದು ನಿಲ್ಲಿಸಿದ್ದ.

ಡಾಕ್ಟರು ತಡವಾಗಿ ಬಂದರು. ಸೂಜಿ ಚುಚ್ಚಿ, ಎದೆ ತಿಳಿಯಾಗಿದೆ, ಇನ್ನು ಭಯವಿಲ್ಲ ಎಂದು ಹೇಳಿ ಹೋದರು. ಬೇಗಂಬಿ ಕಣ್ಣು ತೆರೆದಳು.

“ಇನ್ನೂ ಇಲ್ಲೇ ಕುಂತೀಯೇನೋ ಮಡಿವಾಳೂ? ನಾ ಸಾಯೂದು ನೋಡೇ ಹೋಗಬೇಕಂತ ಹಟ ಹಿಡದೀಯೇನು?”

“ಗಂಜಿ ಕುಡಿ ಅಕ್ಕಾ. ನೀ ಕುಡದ್ರ ನಾ ಹೊಂಡತೇನಿ.”

“ಬಿಸಿ ಐತಿ.”

“ಊದಿ ಕುಡಿ.”

“ಕುಡೀತೇನಿ. ಆದ್ರ ಅಲ್ಲಿ ಹೋಗಿ ಬಾಯಿ ಬಿಟ್ಕೊಂಡು ನಿಂದರಬ್ಯಾಡ. ಯಾರು ಗೆದ್ರು ಅಂತ ಫೋನ್ ಹಚ್ಚು. ನನ್ನ ಹುಡುಗ ಬಿದ್ರ ಯಾವ ಭುಜದ ಮ್ಯಾಲ ಬಿದ್ದಾ ಅಂತ ನೋಡಿ ಹೇಳು.”

ಕುಡಿದು ಮುಗಿಸಿ, ಬಟ್ಟಲನ್ನು ಬೋರಲು ಹಿಡಿದು ತೋರಿಸಿದಳು. ಒಂದು ಹನಿಯೂ ಬೀಳಲಿಲ್ಲ. ಮಡಿವಾಳೆಪ್ಪ ಪಟಗವಿದ್ದ ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ಕಡೆಗೆ ಓಡುವಂತೆ ನಡೆದ.

ರಾಮದುರ್ಗಕ್ಕೆ ನೇರ ಹೋಗುವ ಬಸ್ಸು ಆಗಲೇ ಹೋಗಿತ್ತು. ಸವದತ್ತಿಯ ಬಸ್ಸು ಸಿಕ್ಕಿತು. ನಿಲ್ಲಲು ಮಾತ್ರ ಜಾಗ. ಕಬ್ಬಿನ ಹಂಗಾಮು. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್ ಕಟ್ಟಿ, ಕಿವಿ ಹರಿಯುವಂತೆ ಹಾಡು ಹಚ್ಚಿಕೊಂಡು, ಇಡೀ ಋತುವೇ ಚಕ್ರ ಕಟ್ಟಿಕೊಂಡು ಕಾರ್ಖಾನೆಗೆ ಹೊರಟಂತೆ ಸಾಲುಗಾಡಿಗಳು ರಸ್ತೆಯನ್ನು ತುಂಬಿದ್ದವು. ಅವುಗಳ ಬೆನ್ನಿಗೆ ಬಸ್ಸು ಮೂಗು ಉಜ್ಜುತ್ತ ತೆವಳಿತು.

“ಕಂಡಕ್ಟರ್ ಸಾಹೇಬ್ರ, ಸವದತ್ತ್ಯಾಗ ರಾಮದುರ್ಗದ ಬಸ್ ಸಿಗತೈತೇನ್ರಿ?”

“ಸಿಗತೈತ್ರಿ ಅಜ್ಜಾರ, ಈ ಕಬ್ಬಿನ ಮೆರವಣಿಗಿ ಮುಗದ್ರ. ಏನು, ಕೋರ್ಟ್ ಕೆಲಸೇನ್ರಿ?”

“ಅಲ್ಲರಿ. ಫುಟ್‌ಬಾಲ್ ಮ್ಯಾಚ್.”

ಸುತ್ತಲಿನ ತಲೆಗಳೆಲ್ಲ ಇತ್ತ ತಿರುಗಿದವು. “ಈ ವಯಸ್ಸಿನ್ಯಾಗ ಆಡತೀರೇನ್ರಿ?” ಎಂದಿತು ಹಿಂದಿನ ಸೀಟಿನ ಒಂದು ದನಿ.

“ಬಸ್ ಹಿಂಗ ಹೊಂಟ್ರ, ಆಡಾವ್ರೂ ನನ್ನಂಗ ಮುದುಕ್ರಾಗತಾರ ತಮ್ಮಾ.”

ಬಸ್ಸು ನಕ್ಕಿತು. ಮಡಿವಾಳೆಪ್ಪ ನಗಲಿಲ್ಲ. ರಮೀಜ ಚೆಂಡನ್ನಲ್ಲ, ಮೈದಾನದ ಬಾಗಿಲನ್ನೇ ನೋಡುತ್ತ ನಿಂತಿರುವ ಚಿತ್ರ ಅವನ ಕಣ್ಣಿಗೆ ಕಟ್ಟಿತ್ತು. ಬುರಾನಸಾಬನಿಗೆ ಫೋನು ಹಚ್ಚಿದ. ಮೈದಾನದ ಗದ್ದಲದಲ್ಲಿ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

ಸವದತ್ತಿಯಲ್ಲಿ ರಾಮದುರ್ಗದ ಬಸ್ಸು ಹಿಂದಕ್ಕೆ ಸರಿದು ಹೊರಡುತ್ತಿತ್ತು. ಚೀಲವನ್ನು ಮೇಲೆತ್ತಿ ಕೂಗುತ್ತ ಓಡಿ ಹತ್ತಿದ. ಕಿಟಕಿಯ ಸೀಟೂ ಸಿಕ್ಕಿತು. ಇನ್ನೇನು ಎಂದು ಉಸಿರು ಬಿಟ್ಟ. ಹೂಲಿ ದಾಟಿ ಸ್ವಲ್ಪ ದೂರ ಹೋಗಿರಬಹುದು, ಬಸ್ಸು ನಿಂತಿತು. ಮುಂದೆ ಲಾರಿ, ಅದರ ಮುಂದೆ ಕಾರು, ಅದರ ಮುಂದೆ ಮತ್ತೊಂದು ಲಾರಿ. ಇಳಿದು ನಡೆದುಹೋಗಿ ನೋಡಿದ. ತಿರುವಿನಲ್ಲಿ ಕಬ್ಬಿನ ಟ್ರೇಲರೊಂದು ಮಗುಚಿ ರಸ್ತೆಯ ಉದ್ದಗಲಕ್ಕೂ ಕಬ್ಬು ಚೆಲ್ಲಿತ್ತು. ಹಾಡು ಮಾತ್ರ ಇನ್ನೂ ನಿಂತಿರಲಿಲ್ಲ.

ಟ್ರ್ಯಾಕ್ಟರ್ ಓಡಿಸುತ್ತಿದ್ದವನನ್ನು ಎಳೆದು ಬೇವಿನ ಮರದ ನೆರಳಿಗೆ ಮಲಗಿಸಿದ್ದರು. ಚಚಡಿಯ ಬಾಳೇಶ, ಎಳೆಯ ಗಡ್ಡದ ಗಂಡಾಳು. ಮೊಣಕಾಲಿನ ಕೆಳಗೆ ಎಲುಬು ಮುರಿದು, ಪಾದ ತನ್ನದಲ್ಲವೆಂಬಂತೆ ಹೊರಳಿಕೊಂಡಿತ್ತು. ಸುತ್ತ ನಿಂತವರಲ್ಲಿ ಕೆಲವರು ಅಂಬುಲೆನ್ಸಿಗೆ ಫೋನು ಮಾಡಿದ್ದರು, ಕೆಲವರು ಚಿತ್ರ ತೆಗೆಯುತ್ತಿದ್ದರು. ಅವನು ಪ್ರತಿ ಸಲ ಅಲುಗಿದಾಗಲೂ ಕಾಲು ತೂಗಿ ಚೀರುತ್ತಿದ್ದ.

ಕಣದ ಅಂಚಿನಲ್ಲಿ ಮುರಿದ ಕೈಕಾಲುಗಳನ್ನು ಕಟ್ಟುವುದನ್ನು ಮಡಿವಾಳೆಪ್ಪ ಎಷ್ಟೋ ಸಲ ನೋಡಿದ್ದ. ಗಂಟು ಹಾಕುವುದಂತೂ ಅವನ ಹೊಟ್ಟೆಪಾಡು. ಬಿದ್ದಿದ್ದ ಕಬ್ಬಿನಲ್ಲಿ ನೆಟ್ಟಗಿನ ಕೋಲುಗಳನ್ನು ಆರಿಸಿ ಕಾಲಿನ ಎರಡೂ ಬದಿಗೆ ಇಟ್ಟ. “ಅರಿವಿ ಬೇಕು, ಉದ್ದಂದು.”

“ನಿಮ್ಮ ಚೀಲದಾಗ ಹೊಸಾ ಪಟಗಾ ಇಣುಕಾಕತ್ತೈತೆಲ್ಲರಿ,” ಎಂದ ಒಬ್ಬ.

ಮಡಿವಾಳೆಪ್ಪನ ಕೈ ತಾನಾಗಿ ಚೀಲದ ಬಾಯಿ ಮುಚ್ಚಿತು. ಮರುಗಳಿಗೆ ಅದೇ ಕೈ ತನ್ನ ತಲೆಗೆ ಹೋಯಿತು. ಸುತ್ತಿದ್ದ ಬಿಳಿಯ ಪಟಗವನ್ನು ಸರಸರನೆ ಬಿಚ್ಚಿದ. ಸಾವಿನ ಮನೆಯವರು, ಸಾವಿನ ಸುದ್ದಿ ತರುವವರು ಪಟಗ ಇಳಿಸಿ ಬರಿದಲೆಯಲ್ಲಿ ನಡೆಯುವುದು ಆ ಸೀಮೆಯ ಹಿರಿಯರ ರೀತಿ. ತಂದೆ ತೀರಿದಾಗ ಅವನೂ ಹಾಗೆ ನಡೆದಿದ್ದ. ಅದಾದ ಮೇಲೆ ಮನೆಯ ಹೊಸಿಲ ಹೊರಗೆ ಅವನ ನೆತ್ತಿಗೆ ಬಿಸಿಲು ತಾಗಿದ್ದು ಈಗಲೇ. ಆದರೆ ಅದನ್ನು ನೆನೆಯಲು ಪುರಸೊತ್ತಿರಲಿಲ್ಲ. ಕಬ್ಬಿನ ಕೋಲುಗಳ ಮೇಲೆ ಬಟ್ಟೆಯನ್ನು ಬಿಗಿಯಾಗಿ, ಆದರೆ ರಕ್ತ ಹರಿಯಲು ಎಡೆಯಿಟ್ಟು, ಸುತ್ತಿ ಗಂಟು ಹಾಕಿದ. ಬಾಳೇಶನ ಚೀರಾಟ ನರಳಿಕೆಗೆ ಇಳಿಯಿತು.

“ಮನ್ಯಾಗ ಹೇಳಬೇಕ್ರಿ ಅಜ್ಜಾರ… ನನ್ನ ಫೋನ್ ಗಾಲಿ ಕೆಳಗ ಹೋತ್ರಿ.”

“ತಗೋ, ನಂದು. ಮಾತಾಡು.”

ಅವನು ಹೆಂಡತಿಯೊಂದಿಗೆ ಮಾತಾಡುತ್ತಿರುವಾಗಲೇ ಅಂಬುಲೆನ್ಸ್ ಬಂದಿತು. ಎತ್ತಿ ಮಲಗಿಸಿದರು, ಬಾಗಿಲು ಹಾಕಿದರು, ಸವದತ್ತಿಯ ಕಡೆಗೆ ಹೊರಟೇಹೋಯಿತು. ತನ್ನ ಫೋನೂ ಅದರೊಳಗೆ ಹೋಯಿತೆಂದು ಮಡಿವಾಳೆಪ್ಪನಿಗೆ ಹೊಳೆದದ್ದು ಧೂಳು ಕೂತ ಮೇಲೆ.

“ಎಲ್ಲಿಗೆ ಹೋಗಬೇಕ್ರಿ ಅಜ್ಜಾರ?” ಕೇಳಿದವಳು ಯಶೋಧಾ, ಹೂಲಿಯ ಆಶಾ ಕಾರ್ಯಕರ್ತೆ. ಅಪಘಾತದ ಸುದ್ದಿ ಕೇಳಿ ಸ್ಕೂಟರ್ ಹತ್ತಿ ಬಂದಿದ್ದಳು. ಮುಂದೆ ರಾಮದುರ್ಗದಲ್ಲಿ ಅವಳಿಗೆ ಕೆಲಸವಿತ್ತು. ಮುದುಕ ಅವಸರದಲ್ಲಿ ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಹತ್ರಿ. ಗಟ್ಟಿ ಹಿಡ್ಕೋರಿ. ಹೊಲದ ಬದುವಿನಿಂದ ದಾಟಸ್ತೇನಿ.”

ಸ್ಕೂಟರ್ ಕಡಲೆಯ ಹೊಲದ ಅಂಚಿನಲ್ಲಿ ಕುಣಿದು ಮತ್ತೆ ಡಾಂಬರು ಸೇರಿತು. ಗಾಳಿ ಅವನ ಬಿಳಿಗೂದಲನ್ನು ಬೇಕಾದ ಕಡೆಗೆಲ್ಲ ಹಾರಿಸಿತು.

“ತಲಿ ಕಾಯಾಕತ್ತೈತಿ ಅಜ್ಜಾರ. ಆ ಚೀಲದಾಗಿನ ಪಟಗಾ ಸುತ್ತಕೋರಲಾ?”

“ಅದು ನಂದಲ್ಲವಾ. ಒಬ್ಬ ಗೋಲ್‌ಕೀಪರಂದು.”

“ಅವಾ ಇಲ್ಲಿ ನೋಡಾಕತ್ತಾನೇನ್ರಿ?”

“ಪಟಗಾ ನೋಡಾಕತ್ತೈತಿ.”

ಅವಳು ನಕ್ಕು ವೇಗ ಹೆಚ್ಚಿಸಿದಳು.

ಮೈದಾನದ ಬಾಗಿಲು ಗೋಲಿನ ಪಕ್ಕದಲ್ಲೇ ಇತ್ತು. ಒಳಗಿನ ಕೂಗು ರಸ್ತೆಯವರೆಗೆ ಬಂದಿತ್ತು. ಯಾರೂ ಗೋಲು ಹೊಡೆದಿಲ್ಲ, ಇನ್ನು ಕೆಲವೇ ನಿಮಿಷ ಎಂದ ಬಾಗಿಲಲ್ಲಿ ಶೇಂಗಾ ಮಾರುವವನು. ಮಡಿವಾಳೆಪ್ಪ ಏದುಸಿರು ಬಿಡುತ್ತ ಒಳಗೆ ಕಾಲಿಟ್ಟ. ಹಸಿರು ಜರ್ಸಿ ತೊಟ್ಟ ರಮೀಜ ಅದೇ ಬದಿಯ ಗೋಲಿನಲ್ಲಿ, ಬಾಗಿದ ಬಿಲ್ಲಿನಂತೆ, ಎದುರಿನಿಂದ ಬರುತ್ತಿದ್ದ ಆಟವನ್ನು ಕಾಯುತ್ತಿದ್ದ. ಬಂದೆನಲ್ಲ ಎಂಬ ಸಂತೋಷದಲ್ಲಿ ಮಡಿವಾಳೆಪ್ಪ ಎರಡೂ ಕೈ ಎತ್ತಿದ.

ರಮೀಜ ತಿರುಗಿ ನೋಡಿದ.

ಆ ನೋಟದಲ್ಲಿ ಏನೋ ಉಡುಗಿಹೋಯಿತು. ಅವನ ಕೈಗಳು ಪಕ್ಕಕ್ಕೆ ಇಳಿಬಿದ್ದವು. ಗೋಲನ್ನು ಬಿಟ್ಟು, ಆಟವನ್ನು ಬಿಟ್ಟು, ಅವನು ಬಾಗಿಲ ಕಡೆಗೆ ನಡೆಯತೊಡಗಿದ, ಆಮೇಲೆ ಓಡಿದ.

ಅದೇ ಗಳಿಗೆಯಲ್ಲಿ ರಾಮದುರ್ಗದ ಮುಂಚೂಣಿಯ ಆಟಗಾರ ಸಚಿನ ರಕ್ಷಣೆಯವರನ್ನೆಲ್ಲ ದಾಟಿ ಚೆಂಡಿನೊಂದಿಗೆ ಒಬ್ಬನೇ ಬಂದಿದ್ದ. ಅವನೆದುರು ತೆರೆದ ಗೋಲು, ಕಾಯುವವರಿಲ್ಲದ ಮನೆಯಂತೆ. ರಾಮದುರ್ಗದ ಜನ ಎದ್ದು ನಿಂತು ಗರ್ಜಿಸಿದರು. ಹೊಡೆಯಲು ಸಚಿನನ ಕಾಲು ಹಿಂದಕ್ಕೆ ಹೋಗಿತ್ತು. ಆಗ ಅವನೂ ಕಂಡ, ಗೋಲಿನಾಚೆ ಕೈಯೆತ್ತಿ ನಿಂತ ಬರಿದಲೆಯ ಮುದುಕನನ್ನು, ಅವನ ಕಡೆಗೆ ಓಡುವ ಗೋಲ್‌ಕೀಪರನನ್ನು. ಹಿಂದಕ್ಕೆ ಹೋದ ಕಾಲು ಮುಂದಕ್ಕೆ ಬರಲಿಲ್ಲ. ಚೆಂಡಿನ ಮೇಲೆ ಪಾದವಿಟ್ಟು ನಿಂತ. ಬಳಿಕ ಅದನ್ನು ಪಕ್ಕದ ಗೆರೆಯಾಚೆಗೆ, ಯಾರಿಗೂ ಸಲ್ಲದ ಕಡೆಗೆ, ಮೆಲ್ಲಗೆ ತಳ್ಳಿಬಿಟ್ಟ.

ಗರ್ಜನೆ ಅರ್ಧದಲ್ಲೇ ಮುರಿಯಿತು. ಏನಾಯಿತೆಂದು ತಿಳಿಯದವರು ತಿಳಿದವರ ಕಣ್ಣು ಹೋದತ್ತ ನೋಡಿದರು. ಮುಂದಿನ ಸಾಲಿನ ಹಿರಿಯರು ಒಬ್ಬೊಬ್ಬರಾಗಿ ಎದ್ದು ಸುಮ್ಮನೆ ನಿಂತರು. ಇಡೀ ಮೈದಾನ ಒಂದು ಬರಿಯ ತಲೆಗೆ ಮೌನವನ್ನು ಹೊದಿಸಿತು.

ರಮೀಜ ಬಂದು ಮಡಿವಾಳೆಪ್ಪನ ಎರಡೂ ಕೈ ಹಿಡಿದ. “ದಾದಿ… ಯಾವಾಗ ಹ್ವಾದ್ರು ಕಾಕಾ?”

“ಎಲ್ಲಿಗೆ?” ಎಂದ ಮಡಿವಾಳೆಪ್ಪ.

ಕೇಳಿದ ಮೇಲೆ, ರಮೀಜನ ದೃಷ್ಟಿ ನೆಟ್ಟ ಜಾಗಕ್ಕೆ ಅವನ ಕೈ ಹೋಯಿತು. ಬೆವೆತ ನೆತ್ತಿ ತಾಗಿತು.

“ಅಯ್ಯ ನನ್ನ ಹಾಟ್ಯಾನ! ಆಕಿ ಎಲ್ಲಿಗೆ ಹೋಗತಾಳೋ! ಗಂಜಿ ಕುಡದು, ಬಟ್ಟಲಾ ಬೋರಲ ಹಾಕಿ, ನನ್ನ ಹಿಗ್ಗಾಮುಗ್ಗಾ ಬೈದು ಕಳಿಸ್ಯಾಳ. ಎದಿ ತಿಳಿ ಆಗೇತಿ ಅಂದಾರ ಡಾಕ್ಟರು. ನನ್ನ ಪಟಗಾ ಹೂಲಿ ಕಡೆ ಒಬ್ಬಾಂವನ ಕಾಲಿಗೆ ಕಟ್ಟಿ ಬಂದೇನಿ!”

ಅಷ್ಟರಲ್ಲಿ ಓಡಿ ಬಂದಿದ್ದ ಬುರಾನಸಾಬ ಹಣೆ ಬಡಿದುಕೊಂಡ. “ಚೀಲದಾಗ ಒಂದು ಇತ್ತಲ್ಲರಿ ಕಾಕಾ! ಅದನ್ನ ಸುತ್ತಕೊಂಡು ಬಂದಿದ್ರ ನಿಮ್ಮ ಗಂಟೇನ ಹೋಗತಿತ್ತು?”

“ಅದು ಇವಂದು!”

ರಮೀಜ ಅಲ್ಲೇ ನೆಲಕ್ಕೆ ಕುಸಿದು ಕೂತ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವನಿಗೂ ತಿಳಿದಂತಿರಲಿಲ್ಲ. ಸುದ್ದಿ ಬಾಯಿಂದ ಬಾಯಿಗೆ ಗೆರೆಯುದ್ದಕ್ಕೂ ಹರಿಯಿತು. ಅದು ಹರಿದಲ್ಲೆಲ್ಲ ನಗೆ ಎದ್ದಿತು. ನಿಂತಿದ್ದ ಹಿರಿಯರು ಪರಸ್ಪರ ಮುಖ ನೋಡಿ ಕೂತರು. ಸಚಿನನೊಬ್ಬ ಮಾತ್ರ ನಗಲಿಲ್ಲ. ದೂರದಿಂದಲೇ ರಮೀಜನತ್ತ ಕೈ ಮಾಡಿ, ‘ಎಲ್ಲ ಸರಿಯೇ?’ ಎಂದು ಸನ್ನೆಯಲ್ಲಿ ಕೇಳಿದ. ರಮೀಜ ತಲೆಯಾಡಿಸಿದ ಮೇಲೆ ತನ್ನ ಜಾಗಕ್ಕೆ ಹೋದ.

ಹೊರಗೆ ಹೋದ ಚೆಂಡು ಬೈಲಹೊಂಗಲದ ಪಾಲಿಗೆ ಬಂದಿತ್ತು. “ಅವರಿಗೇ ಕೊಡ್ರಿ,” ಎಂದು ಗೋಲಿಗೆ ಮರಳಿದ ರಮೀಜ ಕೂಗಿದ. ಕೊಟ್ಟರು. ಕೊನೆಯ ಗಳಿಗೆಯ ಆಟ ಬಿರುಸಾಯಿತು. ಪಕ್ಕದಿಂದ ತೂರಿ ಬಂದ ಚೆಂಡಿಗೆ ಸಚಿನ ಹಣೆ ಕೊಟ್ಟ. ರಮೀಜ ಎಡಕ್ಕೆ ಹಾರಿದ. ಆ ಹಾರುವಿಕೆಯನ್ನು ಮಡಿವಾಳೆಪ್ಪ ಉಸಿರು ಹಿಡಿದು ನೋಡಿದ: ಎರಡು ಅಂಡಿಗೆಗಳ ನಡುವಿನ ಆ ಸಂಜೆಯ ಪೋರ ಇಷ್ಟು ವರ್ಷ ಗಾಳಿಯಲ್ಲೇ ಇದ್ದು ಈಗಷ್ಟೇ ಇಳಿಯುತ್ತಿರುವಂತೆ. ಬೆರಳ ತುದಿಗೆ ಚೆಂಡು ತಾಗಿತು, ತಾಗಿಯೂ ಒಳಗೆ ಹೋಯಿತು. ರಮೀಜ ಎಡಭುಜದ ಮೇಲೆ ಬಿದ್ದ.

ಮುಕ್ತಾಯದ ಸೀಟಿ ಕೇಳಿಸಿತು. ರಾಮದುರ್ಗ ಗೆದ್ದಿತ್ತು.

ರಮೀಜ ಭುಜ ಒತ್ತಿಕೊಂಡು ಎದ್ದ, ಕೀಲು ಜಾರಿರಲಿಲ್ಲ. ಮಡಿವಾಳೆಪ್ಪ ಗೋಲಿನ ಗೆರೆಯವರೆಗೆ ನಡೆದುಹೋಗಿ ಚೀಲದಿಂದ ಪಟಗ ತೆಗೆದ. ಗುಲಾಬಿ ಬಣ್ಣ ಇಳಿಬಿಸಿಲಿಗೆ ಹೊತ್ತಿಕೊಂಡಿತು.

“ತಲಿ ಬಗ್ಗಸು.”

ರಮೀಜ ಬಗ್ಗಿಸಲಿಲ್ಲ. “ಕಾಕಾ, ಇದನ್ನ ಗೋಲು ಹೊಡೀದ ಬಿಟ್ಟ ಆ ಹುಡುಗಗ ಸುತ್ರಿ.”

“ಹುಚ್ಚು ಹಿಡದೈತೇನು? ನಿನ್ನ ತಲಿಗಂತ ತಂದದ್ದು. ಇನ್ನೊಬ್ಬರ ತಲಿ ಮುಟ್ಟಬಾರದಂತ ನಾ ಬಿಸಲಾಗ ಬೆಂದು ಬಂದೇನಿ.”

“ನನ್ನ ತಲಿಗೆ ತಂದದ್ದು ಅಂದ್ರ ನಂದಾತಿಲ್ಲೋ? ನಂದನ್ನ ನಾ ಕೊಡತೇನಿ.” ರಮೀಜ ಬಟ್ಟೆಯನ್ನು ತೆಗೆದುಕೊಂಡು ಒಮ್ಮೆ ತನ್ನ ನೆತ್ತಿಗೆ ಮುಟ್ಟಿಸಿದ. “ನೋಡ್ರಿ, ಮೊದಲ ನನ್ನ ತಲಿ ಏರೇತಿ. ನಿಮ್ಮ ಕಟ್ಟಳೆ ಮುಗೀತು. ಕಾಕಾ, ಗೋಲು ತೆರದಿತ್ತು. ಫೈನಲ್ ಇತ್ತು. ನಾ ಅವನ ಜಾಗಾದಾಗ ಇದ್ದಿದ್ರ ಹೊಡೀತಿದ್ನೋ ಏನೋ, ನನಗ ಗೊತ್ತಿಲ್ಲ.”

“ಸುತ್ತಲಿಲ್ಲಂದ್ರ ಕಣ ನಿನ್ನ ಬಿಡಂಗಿಲ್ಲೋ.”

“ಬಿಡದಿದ್ರ ಬಿಡದ ಇರಲಿ. ಗೋಲಿನ್ಯಾಗ ನಿಂದರಾಕ ಆಗಂಗಿಲ್ಲ, ಬಾಜೂಕ ನಿಂತು ಕಲಿಸಾಕಂತೂ ಬರತೈತಲ್ಲಾ.”

ಮಡಿವಾಳೆಪ್ಪ ಪಟಗವನ್ನು ಮರಳಿ ಇಸಿದುಕೊಂಡ. ಇಂಥ ಪೈಲ್ವಾನನನ್ನು ತಾನು ಯಾವ ಕಣದಲ್ಲಿಯೂ ಕಂಡಿರಲಿಲ್ಲ. ಇಂದು ಒಂದೇ ಮೈದಾನದಲ್ಲಿ ಇಬ್ಬರನ್ನು ಕಂಡ. ಸಚಿನನನ್ನು ಕರೆದರು. ಏನೆಂದು ತಿಳಿದಾಗ ಅವನು ಹಿಂದೆ ಸರಿದ. “ಬ್ಯಾಡ್ರಿ ಅಜ್ಜಾರ, ನಾ ಏನ್ ಮಾಡೇನಿ? ಯಾರಿದ್ರೂ ಹಂಗ ಮಾಡತಿದ್ರು.”

“ಸುಮ್ನ ನಿಂದರು,” ಎಂದ ಮುದುಕ. ಪಟಗ ಸುತ್ತಲು ಬಟ್ಟೆಯ ಇನ್ನೊಂದು ತುದಿಯನ್ನು ಒಬ್ಬರು ದೂರ ನಿಂತು ಬಿಗಿ ಹಿಡಿಯಬೇಕು. ರಮೀಜ ಹಿಡಿದ. ಸುತ್ತು ಏರಿದಂತೆ ಅವನು ಒಂದೊಂದೇ ಹೆಜ್ಜೆ ಹತ್ತಿರ ಬಂದ. ಬಟ್ಟೆ ಮುಗಿದಾಗ ಇಬ್ಬರೂ ಎದುರುಬದುರಾಗಿದ್ದರು. ರಾಮದುರ್ಗದ ಜನ ಈಗ ಕೂಗಿದ್ದು ಯಾರಿಗೆ ಎಂದು ಬಿಡಿಸಿ ಹೇಳುವಂತಿರಲಿಲ್ಲ.

ಬುರಾನಸಾಬನ ಫೋನು ಗುನುಗಿತು. ಅವನು ಪರದೆಯನ್ನೂ ಮಡಿವಾಳೆಪ್ಪನನ್ನೂ ಸರದಿಯ ಮೇಲೆ ನೋಡಿದ. “ಕಾಕಾ, ನನಗ ಫೋನ್ ಮಾಡಾಕತ್ತಾವ್ರು ನೀವ.”

ಬಾಳೇಶನ ದನಿ ಕೇಳಿಸಿತು. “ಅಜ್ಜಾರ ಫೋನ್‌ನ್ಯಾಗ ನಿಮ್ಮ ನಂಬರ್ ಇತ್ತು, ಹಚ್ಚೇನ್ರಿ. ದವಾಖಾನ್ಯಾಗ ಅದೇನ್ರಿ. ಕಾಲು ಚೊಲೋ ಕಟ್ಟ್ಯಾರ ಅಂದ್ರು ಡಾಕ್ಟರು. ಅಜ್ಜಾರಿಗೆ ಹೇಳ್ರಿ. ಆದ್ರ ಯಾರೋ ಮುದುಕಿ ಫೋನ್ ಮ್ಯಾಲ ಫೋನ್ ಹಚ್ಚಿ, ಯಾರು ಗೆದ್ರು, ಯಾವ ಭುಜದ ಮ್ಯಾಲ ಬಿದ್ದಾ ಅಂತ ನನ್ನ ಜೀಂವಾ ತಿನ್ನಾಕತ್ತಾಳ್ರಿ. ಕಾಲಿಗೆ ಬಿದ್ದೈತಿ ಅಂದ್ರ ಕೇಳವಲ್ಲಳು. ಏನು ಹೇಳ್ಲಿ?”

ರಮೀಜ ಫೋನು ಇಸಿದುಕೊಂಡ. “ಸೋತೇವಿ ಅಂತ ಹೇಳ್ರಿ ಅಣ್ಣಾರ. ಭುಜಾ ಗಟ್ಟಿ ಐತಿ ಅಂತನೂ ಹೇಳ್ರಿ.”

ಟೆಂಪೊ ಹೊರಡುವ ಹೊತ್ತಿಗೆ ರಮೀಜ ತನ್ನ ಹಸಿರು ಜರ್ಸಿಯನ್ನು ಕಳಚಿ, ಝಾಡಿಸಿ, ಅಗಲವಾಗಿ ಹಿಡಿದ.

“ಇದೇನೋ?”

“ನೀವು ಹಿಂಗ ಓಣ್ಯಾಗ ಇಳದ್ರ ನಮ್ಮ ಮನಿ ಮುಂದ ಮಂದಿ ಅಳಾಕ ಕೂಡತೈತ್ರಿ. ತಲಿ ಬಗ್ಗಸ್ರಿ.”

ಮಡಿವಾಳೆಪ್ಪ ತಲೆ ಬಗ್ಗಿಸಿದ. ಬೆವರು, ಮಣ್ಣು, ಹುಲ್ಲಿನ ವಾಸನೆಯ ಆ ಬಟ್ಟೆ ತೋಳುಗಳ ಗಂಟಿನೊಂದಿಗೆ ಅವನ ನೆತ್ತಿಯನ್ನು ಮುಚ್ಚಿತು. ಹೂಲಿಯ ತಿರುವಿನಲ್ಲಿ ಕಬ್ಬನ್ನು ಬದಿಗೆ ಸರಿಸಿ ದಾರಿ ಮಾಡಿದ್ದರು. ಗಾಡಿಗಳು ಒಂದೊಂದಾಗಿ ದಾಟುತ್ತಿದ್ದವು. ಟೆಂಪೊದ ಮುಂದಿನ ಸೀಟಿನಲ್ಲಿ, ಹಣೆಯ ಮೇಲೆ ಗೋಲ್‌ಕೀಪರನ ಜರ್ಸಿಯ ಒಂದನೆಯ ಅಂಕೆ ಹೊತ್ತುಕೊಂಡು, ಮುದುಕ ನೆಟ್ಟಗೆ ಕುಳಿತಿದ್ದ. ಗಾಳಿಗೆ ಅದು ಹಾರದಂತೆ ಒಂದು ಕೈಯಿಂದ ಹಿಡಿದುಕೊಂಡೇ.